ಮೊದಲ ಸುತ್ತಿನಲ್ಲೇ ಮಡಿದ ಹೆಬ್ಬೆರಳೆತ್ತರದ ಸೇನಾಧಿಪತಿಗಳಿಗೆ

ಮಾನ್ಯ ಸೇನಾಧಿಪತಿಗಳೇ,

ಮಹಾಶೂರರೂ, ಖಡ್ಗಧಾರಿಗಳೂ, ಎತ್ತರದಲ್ಲಿ ನನ್ನ ಹೆಬ್ಬೆರಳಿಗೆ ಟೋಪಿ ಹಾಕಿದಷ್ಟಿರುವವರೂ, ಸದ್ಯಕ್ಕೆ ನನ್ನ ಅಳಿಯನ ಬೂಟಿನ ಡಬ್ಬಿಯಲ್ಲಿ ಹತ್ತಿಯ ಮೇಲೆ ವಿಶ್ರಮಿಸುತ್ತಿರುವವರೂ ಆದ ತಮ್ಮ ಪಾದಗಳಿಗೆ, ಅಂದರೆ ಆ ಪಾದಗಳನ್ನು ಅಂಟಿಸಿರುವ ದುಂಡು ಬಿಲ್ಲೆಗೆ, ರಸ್ತೆಗೆ ಬಿಳಿ ಪಟ್ಟೆ ಬಳಿಯುವ ಕೆಲಸದಿಂದ ನಿವೃತ್ತನಾದ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ, ಪ್ಲಾಸ್ಟಿಕ್ಕಿಗೆ ಇನ್ನೇನಾಗುತ್ತದೆ. ನಾನಂತೂ ಕ್ಷೇಮವಾಗಿಲ್ಲ. ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ, ಬಲಗಣ್ಣು ಹೊಡೆದುಕೊಳ್ಳಲು ಶುರುವಾದರೆ ನಿಲ್ಲುವುದಿಲ್ಲ, ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಾಲ್ಕು ನಿಮಿಷದಿಂದ ಮೈಯೆಲ್ಲ ಉರಿಯುತ್ತಿದೆ.

ಈ ಪತ್ರವನ್ನು ತಮಗೆ ಗುಟ್ಟಾಗಿಯೂ ಬರೆಯಬಹುದಿತ್ತು. ಆದರೆ ತಾವು ಸತ್ತದ್ದು ಮೂವತ್ತು ಜನರ ಎದುರಿಗೆ, ಆದ್ದರಿಂದ ಕೇಳಬೇಕಾದ್ದನ್ನೂ ಎಲ್ಲರ ಎದುರಿಗೇ ಕೇಳುತ್ತೇನೆ.

ನಮ್ಮಿಬ್ಬರ ಪರಿಚಯ ಆದದ್ದು ಹೇಗೆಂದು ತಮಗೆ ತಿಳಿದಿರಲಾರದು, ಯಾಕೆಂದರೆ ಆಗ ತಮ್ಮ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ ಇತ್ತು. ಮೂವತ್ತಾರು ವರ್ಷ ಊರಿನ ಎಲ್ಲ ರಸ್ತೆಗಳಲ್ಲೂ ‘ಹಸಿ ಬಣ್ಣ, ತುಳಿಯಬೇಡಿ’ ಎಂಬ ಹಲಗೆ ಇಟ್ಟ ನಾನು, ನನ್ನ ಮನೆಯ ಮುಂದಿನ ಮೆಟ್ಟಿಲಿಗೆ ಕೆಂಪು ಬಣ್ಣ ಬಳಿದ ದಿನ ಸ್ವಂತ ಮನೆಗೆ ಅದೆಲ್ಲ ಯಾಕೆಂದು ಸುಮ್ಮನಾದೆ. ಸಂಜೆ ಅಳಿಯ ಬಂದ, ಕಾಲಿಟ್ಟ, ಜಾರಿದ, ಬಲಗೈಯ ಮಣಿಕಟ್ಟು ಮುರಿಯಿತು. ಮೆಟ್ಟಿಲಿನ ಬಣ್ಣವೂ ಹಾಳಾಯಿತು, ಆದರೆ ಅದರ ಬಗ್ಗೆ ಇವತ್ತಿಗೂ ಯಾರೂ ಒಂದು ಮಾತು ಕೇಳಿಲ್ಲ.

ಅಳಿಯ ಹಲ್ಲಿನ ಡಾಕ್ಟರ ಹತ್ತಿರ ಕಟ್ಟು ಹಲ್ಲು ಮಾಡಿಕೊಡುವ ಕೆಲಸದವನು. ಎದುರಿಗೆ ‘ಅಳಿಯಂದ್ರೇ’ ಎನ್ನುತ್ತೇನೆ, ಬೆನ್ನ ಹಿಂದೆ ‘ಅವನು’. ಹದಿಮೂರು ವರ್ಷದಲ್ಲಿ ನಾವಿಬ್ಬರೂ ಆಡಿಕೊಂಡ ಮಾತನ್ನೆಲ್ಲ ಬರೆದರೆ ಈ ಕಾಗದದ ಒಂದು ಮಗ್ಗುಲೂ ತುಂಬುವುದಿಲ್ಲ. ಕಾರಣ ತಮ್ಮ ಕುಲದವರೇ. ನಲವತ್ತು ದಾಟಿದ ಗಂಡಸು ರಜಾ ಬಂತೆಂದರೆ ಬಾಗಿಲಗಲದ ಹಲಗೆಯ ಮೇಲೆ ಪ್ಲಾಸ್ಟಿಕ್ ಸಿಪಾಯಿಗಳನ್ನು ನಿಲ್ಲಿಸಿ, ಅಳತೆಪಟ್ಟಿ ಹಿಡಿದು ಅಂಗುಲ ಅಂಗುಲ ನಡೆಸಿ, ದಾಳ ಎಸೆದು ಸತ್ತವರು ಯಾರು ಬದುಕಿದವರು ಯಾರು ಎಂದು ತೀರ್ಮಾನ ಮಾಡುವ ಆಟಕ್ಕೆ ಹೋದರೆ, ಹೆಣ್ಣು ಕೊಟ್ಟ ಮಾವ ಅವನ ಹತ್ತಿರ ಏನು ಮಾತಾಡಬೇಕು?

ಹನ್ನೊಂದು ವರ್ಷ ಸೋತು ಸೋತು ಈ ವರ್ಷ ಮೊದಲ ಸಲ ಅವನು ಈ ಆಟದ ಸಂಘದ ಅಂತಿಮ ಪಂದ್ಯಕ್ಕೆ ಬಂದಿದ್ದ. ಅಂತಿಮ ಪಂದ್ಯಕ್ಕೆ ಹೊಸ ಸೈನ್ಯವೇ ಬೇಕಂತೆ, ಅದರ ಇಪ್ಪತ್ತು ಸಿಪಾಯಿಗಳಿಗೆ ಬಣ್ಣ ಬಳಿದು ಮುಗಿಸಿ, ದೊಡ್ಡವರು ಕೊನೆಗಿರಲಿ ಎಂದು ತಮ್ಮೊಬ್ಬರನ್ನು ಉಳಿಸಿಕೊಂಡಿದ್ದ. ಬಣ್ಣ ಬಳಿಯದ ಬೊಂಬೆ ಹಲಗೆ ಹತ್ತುವಂತಿಲ್ಲ, ಸೇನಾಧಿಪತಿ ಇಲ್ಲದೆ ಸೈನ್ಯ ಇಳಿಯುವಂತಿಲ್ಲ ಎಂಬುದು ಆ ಸಂಘದ ಕಾನೂನು. ಪಂದ್ಯಕ್ಕೆ ಹದಿಮೂರು ದಿನ ಇತ್ತು, ಕೈಗೆ ಆರು ವಾರದ ಪಟ್ಟಿ ಬಿದ್ದಿತ್ತು. ತಾವು ಬೂದು ಬಣ್ಣದಲ್ಲೇ ಉಳಿದರೆ ಎದುರಾಳಿಯಾದ ಔಷಧಿ ಅಂಗಡಿಯವರು ಕುರ್ಚಿಯಿಂದ ಏಳದೆಯೇ ಗೆಲ್ಲುತ್ತಿದ್ದರು.

ಮಗಳು ತಮ್ಮ ಡಬ್ಬಿಯನ್ನು ತಂದು ನನ್ನ ಮುಂದೆ ಕುಕ್ಕಿದಳು. “ಅಪ್ಪಾ, ಅವ್ರ ಕೈ ಮುರಿದಿದ್ದು ನಿನ್ನ ಬಣ್ಣ. ಅವ್ರ ಬೊಂಬೆಗೂ ನೀನೇ ಬಳಿ” ಅಂದಳು. ನಾನು ರಸ್ತೆಗೆ ಬಳಿಯೋನು ಕಣೇ, ಬೊಂಬೆಗಲ್ಲ ಅಂದರೆ, “ತುಂಬ ಚಿಕ್ಕ ರಸ್ತೆ ಅಂದ್ಕೋ” ಅಂದು ಒಳಗೆ ಹೋದಳು.

ತಮ್ಮ ಶರೀರರಚನೆಯ ಬಗ್ಗೆ ನನ್ನ ಮೆಚ್ಚುಗೆಯನ್ನು ಇಲ್ಲಿ ದಾಖಲಿಸಲೇಬೇಕು. ಮುಟ್ಟಿದರೆ ಮುರಿಯುವ ಒಂದು ಚೌಕಟ್ಟಿನಲ್ಲಿ ತಾವು ಹದಿನಾಲ್ಕು ತುಂಡಾಗಿ ಬಂದಿರಿ, ಅದರಲ್ಲಿ ಎರಡು ತುಂಡು ಬರೀ ಮೀಸೆ. ಬೆಲ್ಟು ಏಳು, ಬೆಲ್ಟಿಗೆ ಬಕ್ಕಲು ಒಂದೊಂದು, ಸೊಂಟಕ್ಕೆ ಮೂರು ಚೀಲ, ಒಂದು ಬೀಗದ ಕೈ ಗೊಂಚಲು, ಯಾವುದೋ ಪ್ರಾಣಿಯ ಚರ್ಮ, ಜೊತೆಗೆ ಯಾರದೋ ತಲೆಬುರುಡೆ. ಇಷ್ಟು ಸಾಮಾನು ಹೊತ್ತುಕೊಂಡು ಯುದ್ಧಕ್ಕೆ ಹೋಗುವವರು ಮನೆ ಖಾಲಿ ಮಾಡಿಕೊಂಡು ಹೊರಟವರಿರಬೇಕು ಎಂದುಕೊಂಡೆ. ತಮ್ಮ ಎಡಗೈಯನ್ನು ಅಂಟಿಸುವಾಗ ನನ್ನ ತೋರುಬೆರಳೂ ತಮ್ಮ ಹೆಗಲಿಗೆ ಅಂಟಿಕೊಂಡು, ಒಂದು ಮಧ್ಯಾಹ್ನ ಪೂರ್ತಿ ತಾವು ನನ್ನ ಬೆರಳ ತುದಿಯಲ್ಲೇ ನಿಂತು ಎದುರು ಗೋಡೆಯತ್ತ ಕೈ ತೋರಿಸುತ್ತಿದ್ದಿರಿ. ಆ ಗೋಡೆಯಲ್ಲಿ ಏನಿದೆ ಎಂದು ಇವತ್ತಿನವರೆಗೂ ತಿಳಿಸಿಲ್ಲ.

ಅಳಿಯ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತು, ತಮ್ಮ ಜೊತೆಗೆ ಬಂದಿದ್ದ ಸೂಚನೆಯ ಹಾಳೆಯನ್ನು ಓದುತ್ತಿದ್ದ. ಒಂದನೆಯದು ಕತ್ತರಿಸುವುದು, ಎರಡನೆಯದು ಅಂಚು ಕೆರೆಯುವುದು, ಮೂರನೆಯದು ಅಂಟಿಸುವುದು, ನಾಲ್ಕನೆಯದು ಪ್ರೈಮರ್ ಎಂಬ ತಳಬಣ್ಣ. ಇಲ್ಲಿಯವರೆಗೆ ನನಗೂ ಹಾಳೆಗೂ ಜಗಳವಿರಲಿಲ್ಲ. ಐದನೆಯದಕ್ಕೆ ಬಣ್ಣ ಬಂತು. ನಾನು ಬಳಿದ ಬಣ್ಣದ ಮೇಲೆ ಲಾರಿ ಓಡಬೇಕು, ಎರಡು ಮಳೆಗಾಲ ಕಳೆಯಬೇಕು. ಅದೇ ಅಭ್ಯಾಸದಲ್ಲಿ ತಮ್ಮ ಮುಖಕ್ಕೂ ಬಳಿದೆ. “ಮಾವ, ತೆಳ್ಳಗೆ” ಅಂತ ಅಳಿಯ. ತೆಳ್ಳಗೇ ಬಳೀತಿದೀನಲ್ರೀ ಅಂತ ನಾನು. ಒಣಗಿದ ಮೇಲೆ ನೋಡಿದರೆ ತಮಗೆ ಮೂಗೂ ಇರಲಿಲ್ಲ, ಬಾಯಿಯೂ ಇರಲಿಲ್ಲ, ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆಗೆ ಮೀಸೆ ಬಂದ ಹಾಗಿತ್ತು. ಸೋಪಿನ ನೀರಲ್ಲಿ ನೆನೆಸಿ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ ಮತ್ತೆ ಮೊದಲಿಂದ ಶುರು ಮಾಡಿದೆ. ಹೀಗೆ ಮೂರು ಸಲ. ತಾವು ಒಂದು ಸಲವೂ ನರಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ, ನರಳಿದ್ದೆಲ್ಲ ನಾನೇ.

ಆರನೆಯ ಸೂಚನೆಯನ್ನು ಬರೆದ ಮಹಾನುಭಾವರು ಯಾರೋ, ಅವರನ್ನು ಒಮ್ಮೆ ನೋಡಬೇಕು. ನಾಲ್ಕು ದಿನ ಉಸಿರು ಬಿಗಿ ಹಿಡಿದು ಬಕ್ಕಲಿಗೆ ಬಕ್ಕಲಿನ ಬಣ್ಣ, ಬೆಲ್ಟಿಗೆ ಬೆಲ್ಟಿನ ಬಣ್ಣ ಅಚ್ಚುಕಟ್ಟಾಗಿ ಬಳಿದ ಮೇಲೆ, ಕಂದು ಬಣ್ಣದ ಗಲೀಜು ನೀರನ್ನು ತಮ್ಮ ಮೈಮೇಲೆಲ್ಲ ಹರಿಸಬೇಕಂತೆ, ಅದು ಸಂದಿಗೊಂದಿಗಳಲ್ಲಿ ನಿಂತರೆ ನೆರಳು ಬಿದ್ದಂತೆ ಕಾಣುತ್ತದಂತೆ. ಒಗೆದ ಬಟ್ಟೆಗೆ ಕೊಚ್ಚೆ ಎರಚಿದರೆ ನಮ್ಮ ಮನೆಯಲ್ಲಿ ಏಟು ಬೀಳುತ್ತಿತ್ತು. ಏಳನೆಯದು ಇನ್ನೂ ಉತ್ತಮ: ಬ್ರಷ್ಷನ್ನು ಬಣ್ಣದಲ್ಲಿ ಅದ್ದಬೇಕು, ಅದ್ದಿದ್ದನ್ನೆಲ್ಲ ಕಾಗದಕ್ಕೆ ಒರೆಸಿ ತೆಗೆಯಬೇಕು, ಬಣ್ಣವೇ ಇಲ್ಲದ ಆ ಬ್ರಷ್ಷಿನಿಂದ ಬಣ್ಣ ಬಳಿಯಬೇಕು. ನಮ್ಮ ಕೂಲಿಯವರಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಮೈಗಳ್ಳ ಎಂದು ಅವತ್ತೇ ಮನೆಗೆ ಕಳಿಸುತ್ತಿದ್ದೆ. ಆದರೂ ಬಾಯಿ ಮುಚ್ಚಿಕೊಂಡು ಸವರಿದೆ. ಸವರಿದ ಮೇಲೆ ತಮ್ಮ ಹೆಗಲ ಮೇಲಿನ ಚರ್ಮದಲ್ಲಿ ಕೂದಲು ಕೂದಲಾಗಿ ಎದ್ದು ಬಂತು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಇನ್ನು ಕಣ್ಣಿನ ವಿಷಯ. ಸಾಸಿವೆಗಿಂತ ಚಿಕ್ಕ ಬಿಳಿಯ ಮೇಲೆ ಒಂದು ಕರಿ ಚುಕ್ಕೆ ಇಡಬೇಕು. ಮೊದಲ ಸಲ ತಾವು ಕಿಟಕಿ ಮತ್ತು ಅಡುಗೆಮನೆಯನ್ನು ಒಟ್ಟಿಗೇ ನೋಡುತ್ತಿದ್ದಿರಿ. ಎರಡನೆಯ ಸಲ ಹೆಣ್ಣು ನೋಡಲು ಬಂದವರ ಎದುರು ಕೂತ ಹುಡುಗಿಯ ಹಾಗೆ ಬರೀ ನೆಲ ನೋಡುತ್ತಿದ್ದಿರಿ. ಬ್ರಷ್ಷು ಬಿಸಾಕಿ ಎದ್ದುಬಿಟ್ಟೆ. ಅಳಿಯ ಅದನ್ನು ಎತ್ತಿಕೊಂಡು ತುದಿ ನೀವಿ ಕೈಗೆ ಕೊಟ್ಟು, “ಉಸಿರು ಬಿಟ್ಟು, ಮತ್ತೆ ಎಳ್ಕೊಳ್ಳೋಕೆ ಮುಂಚೆ ಇಟ್ಬಿಡಿ ಮಾವ, ಹಲ್ಲಿಗೂ ನಾವು ಹಂಗೇ ಮಾಡೋದು” ಅಂದು, ತನ್ನ ಎಡಗೈಯನ್ನು ನನ್ನ ಮಣಿಕಟ್ಟಿನ ಕೆಳಗೆ ಊರುಗೋಲಿನ ಹಾಗೆ ಕೊಟ್ಟ. ಇಟ್ಟೆ. ಎರಡು ಕಣ್ಣೂ ನೆಟ್ಟಗೆ ಬಂದವು. ತಾವು ನನ್ನನ್ನೇ ನೋಡುತ್ತಿದ್ದಿರಿ, ಅದೂ ಏನೋ ಉಪಕಾರ ಮಾಡಿದವರ ಹಾಗೆ.

ಕೊನೆಯ ಸೂಚನೆ, ಕಾಲಡಿಯ ಬಿಲ್ಲೆಗೆ ಅಂಟು ಸವರಿ ಮರಳು ಉದುರಿಸುವುದು. ಅಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲಿಲ್ಲ. ನೆಲದ ಕೆಲಸ ನನಗೆ ಹೇಳಿಕೊಡುವವರು ಇನ್ನೂ ಹುಟ್ಟಬೇಕು. ಬಿಲ್ಲೆಗೆ ಡಾಂಬರಿನ ಕಪ್ಪು ಹೊಡೆದು, ನಡುವೆ ತುಂಡು ತುಂಡು ಬಿಳಿ ಗೆರೆ ಎಳೆದು, ತಮ್ಮ ಬೂಟಿನ ಮುಂದೆ ಅಡ್ಡಲಾಗಿ ವಾಹನ ನಿಲ್ಲಿಸುವ ಗೆರೆಯೊಂದನ್ನು ಹಾಕಿ, ಹಸಿ ಇರುವಾಗಲೇ ನನ್ನ ಹಳೆಯ ಡಬ್ಬಿಯಿಂದ ಗಾಜಿನ ಪುಡಿ ಉದುರಿಸಿದೆ. ರಸ್ತೆಯ ಪಟ್ಟೆ ವಾಹನದ ಬೆಳಕಿಗೆ ಹೊಳೆಯುವುದು ಅದರಿಂದಲೇ. ಪುಡಿ ಸ್ವಲ್ಪ ತಮ್ಮ ಮೈಗೂ ಹಾರಿ ಕೂತಿತು. ಅಳಿಯ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, “ಅಬ್ಬಾ, ಗೆರೆ ಏನ್ ನೆಟ್ಟಗಿದೆ ಮಾವ!” ಅಂದ. ನೆಟ್ಟಗಿರದೆ ಇನ್ನೇನು ಅಂದೆ. ಅಷ್ಟೇ ಮಾತು. ಹನ್ನೆರಡು ದಿನದ ಕೆಲಸ, ಮಾನ್ಯರೇ, ಹನ್ನೆರಡು ದಿನ. ಅಷ್ಟರಲ್ಲಿ ನಮ್ಮ ಹುಡುಗರು ಊರಿಂದ ಊರಿಗೆ ರಸ್ತೆ ಮುಗಿಸುತ್ತಿದ್ದರು.

ಈಗ ಭಾನುವಾರಕ್ಕೆ ಬರುತ್ತೇನೆ. ಗ್ರಂಥಾಲಯದ ಹಿಂದಿನ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಹಲಗೆಯ ಮೇಲೆ ನೇತು ಬಿದ್ದ ದೊಡ್ಡ ದೀಪ. ತಮ್ಮನ್ನು ಕಂಡೊಡನೆ ಔಷಧಿ ಅಂಗಡಿಯವರು ತಕರಾರು ಎತ್ತಿದರು: “ಇವ್ರ ಮುಂದೆ ನಿಲ್ಲೋ ಗೆರೆ ಇದೆ. ಇವ್ರು ಗೆರೆ ದಾಟಿ ಮುಂದೆ ಬರೋ ಹಾಗಿಲ್ಲ.” ತೀರ್ಪುಗಾರ್ತಿಯಾಗಿದ್ದ ಅಂಚೆ ಕಚೇರಿಯವರು ಇನ್ನೂರು ಚಿಲ್ಲರೆ ಪುಟದ ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ಕನ್ನಡಕ ತೆಗೆದು ಹೇಳಿದರು: “ಅವ್ರು ಹೋದ ಕಡೆಗೆಲ್ಲ ಗೆರೇನೂ ಹೋಗುತ್ತೆ. ದಾಟೋಕೆ ಆಗಲ್ಲ ಅಂದ್ಮೇಲೆ ದಾಟಿದ್ರು ಅನ್ನೋದೂ ಆಗಲ್ಲ. ಆಡಿ.” ಇಷ್ಟು ಬುದ್ಧಿವಂತರು ಸಾರಿಗೆ ಇಲಾಖೆಯಲ್ಲಿ ಇದ್ದಿದ್ದರೆ ಎಂದು ನಾನು ಹೆಮ್ಮೆಯಿಂದ ಎದೆ ಉಬ್ಬಿಸಿದೆ. ಉಬ್ಬಿಸಿದ ಎದೆ ಇಳಿಯುವಷ್ಟರಲ್ಲಿ ತಾವು ಇರಲಿಲ್ಲ.

ತಾವು ನಿಂತಿದ್ದದ್ದು ಎಲ್ಲರಿಗಿಂತ ಮುಂದೆ, ನಟ್ಟನಡುವೆ, ದೀಪದ ಅಡಿಯಲ್ಲಿ, ಮದುವಣಿಗನ ಹಾಗೆ ಥಳಥಳ ಎನ್ನುತ್ತಾ. ಎದುರು ಸೈನ್ಯದ ಫಿರಂಗಿಗೆ ಗುರಿ ಕಾಣುತ್ತದೆಯೇ ಎಂದು ತೀರ್ಪುಗಾರ್ತಿ ಕೇಳಿದರೆ ಔಷಧಿ ಅಂಗಡಿಯವರು, “ಕಾಣೋದಾ! ಕಣ್ಣು ಕುಕ್ಕುತ್ತೆ ಮೇಡಂ” ಅಂದರು. ಅವರ ದಾಳದಲ್ಲಿ ಆರು ಬಿದ್ದರೆ ಪೆಟ್ಟು ಎಂದಿತ್ತು, ಆರೇ ಬಿತ್ತು. ಒಂದು ಬಿಟ್ಟು ಇನ್ನೇನು ಬಿದ್ದರೂ ತಮ್ಮ ಕವಚ ತಮ್ಮನ್ನು ಉಳಿಸುತ್ತಿತ್ತು. ಅಳಿಯ ಎಡಗೈಯಲ್ಲಿ ದಾಳ ಎಸೆದ, ಒಂದೇ ಬಿತ್ತು. ಆಟ ಶುರುವಾದದ್ದು ಸರಿಯಾಗಿ ಹತ್ತಕ್ಕೆ, ಈಗ ಗಂಟೆ ಹತ್ತು ದಾಟಿ ನಾಲ್ಕು ನಿಮಿಷ. ಆಮೇಲೆ ಯಜಮಾನರಿಲ್ಲದ ಸೈನ್ಯ ಮಧ್ಯಾಹ್ನದವರೆಗೆ ಹೇಗೋ ತಡೆದುಕೊಂಡು ಸೋತಿತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು. ಹನ್ನೆರಡು ದಿನ ಕೆಲಸ ಮಾಡಿಸಿಕೊಂಡು ನಾಲ್ಕು ನಿಮಿಷ ಬದುಕಿದ್ದಕ್ಕೆ ಲಿಖಿತ ಸಮಜಾಯಿಷಿ ಕೊಡಬೇಕು. ಖಡ್ಗ ಹಿಡಿದವರು ಅದನ್ನು ಒಂದು ಸಲವಾದರೂ ಯಾಕೆ ಬೀಸಲಿಲ್ಲ ಎಂಬುದನ್ನು ಅದರಲ್ಲಿ ಕಾಣಿಸಬೇಕು. ಮುಂದಿನ ಪಂದ್ಯದೊಳಗೆ ದಯವಿಟ್ಟು ಆರಡಿ ಬೆಳೆಯಬೇಕು, ಆಗ ನಾನು ಏಣಿ ಹಾಕಿಕೊಂಡು ಸುಖವಾಗಿ ಬಳಿಯುತ್ತೇನೆ. ಅದಾಗದಿದ್ದರೆ ಏಳು ಬೆಲ್ಟಿನಲ್ಲಿ ಆರನ್ನಾದರೂ ಬಿಚ್ಚಿಡಬೇಕು. ಫಿರಂಗಿ ತಮ್ಮ ಕಡೆ ತಿರುಗಿದಾಗ ಬಾಗಿ ಕೂರುವಷ್ಟು ಮಂಡಿ ತಮಗಿಲ್ಲವೆಂಬುದು ನನಗೆ ಗೊತ್ತು, ಮಂಡಿ ಅಂಟಿಸಿದವನು ನಾನೇ. ಆದರೂ ಪ್ರಯತ್ನಿಸಬೇಕು.

ಇದನ್ನೆಲ್ಲ ತಮ್ಮ ಹತ್ತಿರ ಕೇಳಬೇಕಾಗಿ ಬಂದದ್ದು ಯಾಕೆಂದೂ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ವಾಪಸು ಬರುವಾಗ ತಡೆಯಲಾಗದೆ, ಅಳಿಯಂದ್ರೇ, ಯಜಮಾನನನ್ನ ಯಾರಾದ್ರೂ ಎಲ್ಲಾರ್ಗಿಂತ ಮುಂದೆ ನಿಲ್ಲಿಸ್ತಾರೇನ್ರೀ, ಹಲಗೆ ಮೇಲೆ ಅಷ್ಟು ದೊಡ್ಡ ಗೋಡೆ ಇತ್ತು, ಅದರ ಹಿಂದೆ ಇಡೋಕೆ ಏನಾಗಿತ್ತು ನಿಮ್ಗೆ ಎಂದು ಅಕ್ಕಪಕ್ಕದವರು ತಿರುಗಿ ನೋಡುವ ಹಾಗೆ ಕೂಗಾಡಿದೆ. ಅವನು ತಮ್ಮ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. “ಗೊತ್ತು ಮಾವ. ಹನ್ನೊಂದು ವರ್ಷಾನೂ ಯಜಮಾನನ್ನ ಹಿಂದೇನೇ ಇಟ್ಟಿದ್ದು. ಆದ್ರೆ ಇವ್ರನ್ನ ಗೋಡೆ ಹಿಂದೆ ಇಟ್ಟಿದ್ರೆ ನೀವು ಬಳಿದಿದ್ದು ಯಾರಿಗೂ ಕಾಣ್ತಿರ್ಲಿಲ್ವಲ್ಲ” ಅಂದ.

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ರಸ್ತೆಯ ಪಟ್ಟೆಯನ್ನು ಯಾವನೋ ಡೊಂಕಾಗಿ ಬಳಿದಿದ್ದ, ಮನೆ ಬರುವ ತನಕ ಅವನನ್ನು ಬೈದೆ.

ಅಂಥ ಮಾತು ಆಡಿದವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆಂದು ನನಗೆ ಗೊತ್ತಿಲ್ಲ. ಮಾಡಿಕೊಂಡ ಸಿಟ್ಟನ್ನು ಹಾಗೇ ಬಿಡುವುದೂ ಗೊತ್ತಿಲ್ಲ. ಹಾಗಾಗಿ ಕೂಲಂಕಷವಾಗಿ ವಿಚಾರ ಮಾಡಿ ತಪ್ಪೆಲ್ಲ ತಮ್ಮದೇ ಎಂದು ತೀರ್ಮಾನಿಸಿದ್ದೇನೆ. ಇನ್ನು ಮುಂದೆ ಅವನು ತಮ್ಮನ್ನು ಮುಂದೆ ನಿಲ್ಲಿಸಲು ಬಂದರೆ ತಾವು ಖಡಾಖಂಡಿತವಾಗಿ ನಿರಾಕರಿಸಬೇಕು. ನನ್ನ ಅಳಿಯ ಬಹಳ ಒಳ್ಳೆಯವನು, ಆದರೆ ಯುದ್ಧ ಅವನಿಗೆ ಬರುವುದಿಲ್ಲ. ಈ ವಾಕ್ಯದ ಮೊದಲ ಅರ್ಧವನ್ನು ತಾವು ಅವನಿಗೆ ಯಾವ ಕಾರಣಕ್ಕೂ ಹೇಳಕೂಡದು, ಉಳಿದ ಅರ್ಧವನ್ನು ನಾನೇ ದಿನಾ ಹೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿಯೂ, ತಮ್ಮ ಶೌರ್ಯದಲ್ಲಿ ಎಳ್ಳಷ್ಟೂ ವಿಶ್ವಾಸವಿಲ್ಲದವನೂ ಆದ,
ತಮ್ಮ ಎರಡು ಕಣ್ಣುಗಳ ಜವಾಬ್ದಾರಿ ಹೊತ್ತವನು

ಮರೆತಿದ್ದ ಮಾತು: ಡಬ್ಬಿಯಲ್ಲಿ ತಮ್ಮ ಎಡಕ್ಕೆ ಮಲಗಿರುವ ಸಿಪಾಯಿಯನ್ನು ಒಮ್ಮೆ ಗಮನಿಸಬೇಕು. ಅಳಿಯ ಅವನನ್ನು ಆತುರದಲ್ಲಿ ಬಳಿದದ್ದು, ಹುಬ್ಬೇ ಇಲ್ಲ, ಒಂದು ಬೂಟಿಗೆ ಬಣ್ಣವೂ ಪೂರ್ತಿ ಮುಟ್ಟಿಲ್ಲ. ಪಂದ್ಯ ಮುಗಿದಾಗ ಹಲಗೆಯ ಮೇಲೆ ನಮ್ಮವರಲ್ಲಿ ನಿಂತಿದ್ದವನು ಅವನೊಬ್ಬನೇ. ಬರುವ ವರ್ಷಕ್ಕೆ ಅವನನ್ನೇ ಸೇನಾಧಿಪತಿ ಮಾಡಬೇಕೆಂದು ಶಿಫಾರಸು ಮಾಡಿದ್ದೇನೆ. ಡಬ್ಬಿಯಲ್ಲಿ ಬಣ್ಣ ಕಾಣದ ನಗಾರಿಯೊಂದು ಉಳಿದಿದೆ, ತಾವು ಅದನ್ನು ಹೊತ್ತು ಅವನ ಹಿಂದೆ ನಡೆಯಬೇಕಾದೀತು. ನಗಾರಿಗೆ ಬಣ್ಣ ಬಳಿಯಲು ಬುಧವಾರ ಕೂರೋಣವೆಂದು ಅಳಿಯಂದಿರಿಗೆ ಹೇಳಿ ಕಳಿಸಿದ್ದೇನೆ.