ಸೊಸೆಯ ನಿದ್ದೆಗೆ ನಾನು ಕಾದ ಕಾವಲು

"ಹದಿನೈದೇ ದಿನದಲ್ಲಿ ಸೊಸೆಯಿಂದ ಗೊರಕೆ ಹೊಡೆಸದಿದ್ದರೆ ನಾನು ಅತ್ತೆಯೇ ಅಲ್ಲ!" ಎಂದು ಮನೆಮಂದಿಯ ಮುಂದೆ ಶಪಥ ಮಾಡಿದೆ. ಮನೆಮಂದಿ ಎಂದರೆ ಮಗ ಒಬ್ಬನೇ. ಅವನೂ ಪೇಪರ್ ಓದುತ್ತಿದ್ದ.

ಸೊಸೆಗೆ ಐವತ್ತೊಂದು. ಸಿಟಿ ಬಸ್ ಓಡಿಸುತ್ತಾಳೆ. ಮುಟ್ಟು ನಿಲ್ಲುವ ಕಾಲ. ಮೈಯೊಳಗೆ ಯಾರೋ ಒಲೆ ಹಚ್ಚಿ ಮರೆತುಹೋದ ಹಾಗೆ ಕಾವು, ಮೈ ತೊಪ್ಪೆಯಾಗುವಷ್ಟು ಬೆವರು. ನಿದ್ದೆಯಂತೂ ಅವಳ ವಿಳಾಸವನ್ನೇ ಕಳೆದುಕೊಂಡಿತ್ತು. ಒಂದು ದಿನ ಸಿಗ್ನಲ್ಲಿನಲ್ಲಿ ಹಸಿರು ದೀಪ ಹತ್ತಿದರೂ ತೂಕಡಿಸುತ್ತಾ ಕುಳಿತಳು. ಡಿಪೋದವರು ಅವಳನ್ನು ಬಸ್ಸಿನಿಂದಿಳಿಸಿ ಪಾಸು ಕೊಡುವ ಕಿಟಕಿಯಲ್ಲಿ ಕೂರಿಸಿದರು. ಚೆನ್ನಾಗಿ ನಿದ್ದೆ ಮಾಡುತ್ತಾಳೆಂದು ಡಾಕ್ಟರ್ ಪತ್ರ ಕೊಟ್ಟರೆ ಬಸ್ಸು. ಇಲ್ಲದಿದ್ದರೆ ನಿವೃತ್ತಿಯವರೆಗೂ ಅದೇ ಕಿಟಕಿ!

ಡಾಕ್ಟರಮ್ಮ ಮಾತ್ರೆ ಬರೆದರು. ಸಂಜೆಯ ಕಾಫಿ ಬಿಡಿಸಿದರು. ಜೊತೆಗೊಂದು ಪಟ್ಟಿ ಕೊಟ್ಟು, ರಾತ್ರಿ ಎಚ್ಚರವಾದಾಗಲೆಲ್ಲ ಆ ಗಂಟೆಯ ಚೌಕದಲ್ಲಿ ಗುರುತು ಹಾಕಬೇಕೆಂದರು.

"ನಿದ್ದೆಗಣ್ಣಲ್ಲಿ ಇದನ್ನೆಲ್ಲ ಯಾರು ಬರೀತಾರೆ ಅತ್ತೆ?"

"ನಾನಿಲ್ವಾ! ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಿರಬಹುದು. ಕತ್ತರಿ ಗುರುತು ಹಾಕೋಕೆ ಪದವಿ ಬೇಕಾ?"

ಸೊಸೆಯ ಕಾವಿಗೆ ಫ್ಯಾನು ಜೋರಾಗಿ ತಿರುಗಬೇಕು, ತಿರುಗಿದರೆ ಮಗನಿಗೆ ಸೀನು. ಹಾಗಾಗಿ ಸೊಸೆಯ ಹಾಸಿಗೆ ನನ್ನ ಕೋಣೆಗೇ ಬಂತು. ನಾನು ಪೆನ್ಸಿಲು, ಟಾರ್ಚು ಹಿಡಿದು ಗಡಿ ಕಾಯುವ ಸೈನಿಕನಂತೆ ಕುಳಿತೆ.

ಆದರೆ ಒಂದು ತೊಡಕು. ಸೊಸೆ ಕಣ್ಣು ಮುಚ್ಚಿ ಮಲಗಿದ್ದಾಳೆ, ಸರಿ. ಅದು ನಿದ್ದೆಯೋ, ಬರೀ ಕಣ್ಣು ಮುಚ್ಚಿದ್ದೋ? ಅಂದಾಜಿನ ಮೇಲೆ ಬರೆದರೆ ವೈದ್ಯಶಾಸ್ತ್ರಕ್ಕೇ ದ್ರೋಹ! ಗೋಡೆ ಗಡಿಯಾರ ಗಂಟೆ ಹೊಡೆದಾಗಲೆಲ್ಲ ಭುಜ ಅಲುಗಿಸಿ ಕೇಳಿದೆ.

"ಏನಮ್ಮಾ, ನಿದ್ದೆ ಬಂತಾ?"

"ಬಂದಿತ್ತು ಅತ್ತೆ."

"ಈಗ ಎಚ್ಚರ ತಾನೇ?"

"ಹೂಂ."

ಹಾಕಿದೆ ಕತ್ತರಿ!

ಐದನೇ ದಿನ ಪಾಪ, ಕೈ ಮುಗಿದಳು. "ಕೇಳ್ದೆ ಇರೋಕೆ ಆಗಲ್ವಾ ಅತ್ತೆ?"

"ನಿನಗೆ ಬಸ್ಸು ವಾಪಸ್ ಬೇಕೋ ಬೇಡ್ವೋ?"

ಮುಗಿದ ಕೈ ಇಳಿಸಿದಳು. ಬಸ್ಸಿನ ಹೆಸರೆತ್ತಿದರೆ ಅವಳು ಬೆಂಕಿಯನ್ನೂ ತುಳಿದಾಳು.

ಹದಿನೈದನೇ ದಿನ ಪಟ್ಟಿಯನ್ನು ಡಾಕ್ಟರಮ್ಮನ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಹನ್ನೊಂದು, ಹನ್ನೆರಡು, ಒಂದು, ಎರಡು... ರಾತ್ರಿಗೆ ಎಂಟೆಂಟು ಸಲ! ಇಷ್ಟು ಶಿಸ್ತಿನ ಕಾಯಿಲೆ ನಾನು ನೋಡೇ ಇಲ್ಲ! ಹೀಗಿದ್ರೆ ಡಿಪೋಗೆ ಏನಂತ ಬರೀಲಿ?"

ಸೊಸೆಯ ಕಣ್ಣು ತುಂಬಿತು.

"ಎದ್ದಾಗೆಲ್ಲ ಬೆವರಿರುತ್ತಾ?"

"ರಾತ್ರಿಗೆ ಎರಡು ಸಲ ಅಷ್ಟೇ, ಮೇಡಂ."

"ಮಿಕ್ಕ ಆರು ಸಲ?"

ಸೊಸೆ ನನ್ನ ಮುಖ ನೋಡಿದಳು. ಮರ್ಯಾದಸ್ತೆ! ನಾನೇ ಎದೆಯುಬ್ಬಿಸಿ ಹೇಳಿದೆ: "ಅದು ನಾನು ಎಬ್ಬಿಸಿ ಕೇಳಿದಾಗ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಜ್ಜೀ, ಬೆವರಿಗೆ ನನ್ನ ಹತ್ರ ಮಾತ್ರೆ ಇದೆ. ನಿಮಗಿಲ್ಲ."

ಮರುದಿನವೇ ನನ್ನ ಚೀಲ ಮಗಳ ಮನೆಯಲ್ಲಿತ್ತು.

ತಿಂಗಳ ಮೇಲೆ ಮಗ ಫೋನು ಮಾಡಿದ. ಸೊಸೆಗೆ ಬಸ್ಸು ಸಿಕ್ಕಿತಂತೆ! ಕಣ್ಣೊರೆಸಿಕೊಂಡು, ಡಾಕ್ಟರಮ್ಮ ಕೊಟ್ಟ ಪತ್ರವನ್ನು ಓದು ಎಂದೆ. ಅವನು ಗಂಟಲು ಸರಿಮಾಡಿಕೊಂಡು ಓದಿದ:

"ಇವರು ಈಗ ರಾತ್ರಿ ಏಳು ಗಂಟೆ ಕಾಲ ನಿದ್ದೆ ಮಾಡುತ್ತಿದ್ದು, ಬಸ್ ಓಡಿಸಲು ಅಡ್ಡಿಯಿಲ್ಲ. ನಿದ್ರಾಭಂಗದ ಮುಖ್ಯ ಕಾರಣವನ್ನು ನಾದಿನಿಯ ಮನೆಗೆ ಸ್ಥಳಾಂತರಿಸಲಾಗಿದೆ."