ಕಂದು ಕೋಟಿನ ದೊರೆ

ತುಂಬಿದ ಕೊಡ ತುಳುಕುವುದಿಲ್ಲ, ಖಾಲಿ ಡ್ರಮ್ಮು ಸುಮ್ಮನಿರುವುದಿಲ್ಲ. ಈ ಗಾದೆಗೆ ಬಾಲ ಹೊಲಿದವರು ಯಾರೆಂದು ಕೇಳಬೇಡಿ. ಕತೆ ಮಾತ್ರ ಅಪ್ಪಟ ನಿಜ.

ನಮ್ಮ ಡ್ರಮ್ಮರ್‌ನ ಮನೆಗೆ ಎರಡೇ ಕೋಣೆ. ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ಡ್ರಮ್ಮುಗಳು. ಮುಂದಿನ ವಾರ ಅತ್ತೆ ಬಂದು ನೆಲೆಸುವವರಿದ್ದರು. ಹೆಂಡತಿ ಅವನ ಕೋಟಿಗೆ ಗುಂಡಿ ಹೊಲಿಯುತ್ತಲೇ ತೀರ್ಪು ಕೊಟ್ಟಳು.

"ಇವತ್ತು ಆ ಜಾಜ್ ಕೂಟದಲ್ಲಿ ಒಂದಾದ್ರೂ ಕಾರ್ಯಕ್ರಮ ಗಿಟ್ಟಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಡ್ರಮ್ಮು ಅಟ್ಟಕ್ಕೆ, ಅಮ್ಮನ ಮಂಚ ಕೋಣೆಗೆ."

"ಕಂಡೋರ ಹತ್ರ ಹಲ್ಲು ಕಿರಿಯೋದು ನಂಗೆ ಬರಲ್ಲ ಕಣೇ."

"ನಮ್ಮಮ್ಮನ ಗೊರಕೆ ಕೇಳಿದ್ಮೇಲೆ ತಾನಾಗೇ ಬರುತ್ತೆ."

ಹೋಟೆಲಿನ ಸಭಾಂಗಣದಲ್ಲಿ ಕ್ಲಬ್ಬುಗಳ ಮಾಲೀಕರು, ಉತ್ಸವ ನಡೆಸುವವರು, ಅವರ ಸುತ್ತ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ವಾದಕರು. ಕೋಲಿಲ್ಲದ ಕೈಗಳನ್ನು ಎಲ್ಲಿಡುವುದೆಂದು ಡ್ರಮ್ಮರ್‌ಗೆ ತಿಳಿಯಲಿಲ್ಲ. ಚಹಾದ ಮೇಲೆ ಚಹಾ ಕುಡಿದು, ಬಹಳಷ್ಟು ಬೆನ್ನುಗಳ ಪರಿಚಯ ಮಾಡಿಕೊಂಡ.

ಅಷ್ಟರಲ್ಲಿ ಅವನದೇ ತಂಡದ ಪಿಯಾನೋ ವಾದಕ ಬಂದು ಕಿವಿ ಕಚ್ಚಿದ. ಯಾರ ದನಿಯನ್ನಾದರೂ ಅಣಕಿಸಬಲ್ಲ ಕಿಲಾಡಿ ಅವನು.

"ಅಗೋ, ಕಂದು ಕೋಟು! ಬೇಸಿಗೆ ಉತ್ಸವ ಪೂರಾ ಅವನ ಕೈಲಿದೆ. ಆದ್ರೆ ಕೆಲಸದ ಮಾತೆತ್ತಿದ್ಯೋ, ಎದ್ದು ಹೋಗ್ತಾನೆ. ಸುಮ್ನೆ ಮರ್ಯಾದೆ ಮಾಡ್ತಿರು. ದೊಡ್ಡೋರು ಅಂದ್ರೆ, 'ಅಯ್ಯೋ, ನಾನ್ಯಾವ ದೊಡ್ಡ ಮನುಷ್ಯ ಸ್ವಾಮೀ' ಅಂತ ಮೂಗಲ್ಲಿ ರಾಗ ಎಳೀತಾನೆ. ನಂಬಬೇಡ."

ಡ್ರಮ್ಮರ್ ಹೋಗಿ ಕೈಮುಗಿದ. ಕಂದು ಕೋಟು ಇನ್ನೂ ಕೆಳಗೆ ಬಾಗಿತು. ಎಂಥ ವಿನಯ!

"ಕೂತ್ಕೊಳ್ಳಿ ಸಾರ್."

"ಛೆ ಛೆ, ನೀವು ನಿಂತಿರೋವಾಗ ನಾನಾ? ನೀವು ಕೂತ್ಕೊಳ್ಳಿ ಸಾರ್."

ಕುರ್ಚಿ ಖಾಲಿಯೇ ಉಳಿಯಿತು. ಇಬ್ಬರೂ ಒಬ್ಬರಿಗೊಬ್ಬರು ಬಿಸ್ಕತ್ತು ತಂದುಕೊಟ್ಟರು. ಒಬ್ಬರ ನಗೆಹನಿ ಮುಗಿಯುವ ಮೊದಲೇ ಇನ್ನೊಬ್ಬರು ನಕ್ಕರು. ಡ್ರಮ್ಮರ್‌ನ ದವಡೆ ನೋಯುತ್ತಿತ್ತು. ನಿಂತು ನಿಂತು ಕಾಲುಗಳಂತೂ ಬೇರೆಯವರ ಕಾಲುಗಳಾಗಿದ್ದವು.

ಬೂದು ಶಾಲು ಹೊದ್ದ ಹೆಂಗಸೊಬ್ಬರು ಬಂದು, "ನಿಮ್ಮ ಹತ್ರ ಎರಡು ಮಾತಾಡ್ಬೇಕಿತ್ತು," ಎಂದರು.

"ಆಮೇಲೆ ಮೇಡಂ. ದೊಡ್ಡೋರ ಜೊತೆ ಇದ್ದೀನಿ, ಕಾಣಲ್ವಾ?"

"ಅಯ್ಯೋ, ನಾನ್ಯಾವ ದೊಡ್ಡ ಮನುಷ್ಯ ಸ್ವಾಮೀ," ಎಂದಿತು ಕಂದು ಕೋಟು, ಮೂಗಿನಲ್ಲೇ. ಡ್ರಮ್ಮರ್‌ಗೆ ಇದ್ದಬದ್ದ ಸಂಶಯವೂ ಹೋಯಿತು. ಶಾಲಿನ ಹೆಂಗಸು ಮತ್ತೆ ಬಂದಾಗ ಮಾತೂ ಆಡದೆ, ನೊಣ ಓಡಿಸುವಂತೆ ಕೈಯಾಡಿಸಿದ.

ಕೊನೆಗೆ ಸಭಾಂಗಣ ಖಾಲಿಯಾಗತೊಡಗಿತು. ಇಬ್ಬರೂ ಸೋತು ಒಂದು ಮೇಜಿನ ಎದುರುಬದುರು ಕುಸಿದರು. ಮಾತೆಲ್ಲ ತೀರಿಹೋಗಿತ್ತು. ಡ್ರಮ್ಮರ್‌ನ ಬೆರಳುಗಳು ತಮ್ಮ ಪಾಡಿಗೆ ಮೇಜು ಬಡಿಯತೊಡಗಿದವು. ಜಾಜ್‌ನಲ್ಲೊಂದು ಪದ್ಧತಿಯುಂಟು: ಒಬ್ಬ ನಾಲ್ಕು ಆವರ್ತ ನುಡಿಸಿ ಕೈಬಿಟ್ಟರೆ, ಮುಂದಿನ ನಾಲ್ಕರಲ್ಲಿ ಇನ್ನೊಬ್ಬ ಉತ್ತರ ಕೊಡಬೇಕು. ಅಭ್ಯಾಸಬಲದಿಂದ ಅವನು ನಾಲ್ಕಕ್ಕೆ ನಿಲ್ಲಿಸಿದ.

ಎದುರಿನಿಂದ ಎರಡು ಚಮಚಗಳು ಕಪ್ಪು-ಬಸಿಗಳ ಮೇಲೆ ನಾಲ್ಕು ಆವರ್ತ ಉತ್ತರ ಕೊಟ್ಟವು. ಒಂದು ಪೆಟ್ಟೂ ತಪ್ಪಲಿಲ್ಲ.

"ಸಾರ್... ನೀವು ಡ್ರಮ್ಮರ್ರಾ?"

"ಹೂಂ. ನೀವು ಉತ್ಸವದ ದೊರೆ ಅಲ್ವಾ? ಆ ಪಿಯಾನೋದವನು ಹೇಳಿದ್ನಲ್ಲ, ಕೆಲಸದ ಮಾತೆತ್ತಬೇಡ, ಮರ್ಯಾದೆ ಮಾಡ್ತಿರು ಅಂತ!"

ಇಬ್ಬರೂ ತಿರುಗಿದರು. ಪಿಯಾನೋ ವಾದಕ ಕಂಬಕ್ಕೆ ಒರಗಿ, ಹೊಟ್ಟೆ ಹಿಡಿದು, ಕಣ್ಣೀರು ಸುರಿಸಿ ನಗುತ್ತಿದ್ದ.

ಅವನ ಬೆನ್ನು ತಟ್ಟಿದವರು ಶಾಲಿನ ಹೆಂಗಸು.

"ಬೇಸಿಗೆ ಉತ್ಸವ ನಡೆಸೋಳು ನಾನೇ. ನಿಮ್ಮ ತಂಡವನ್ನ ಕರೀಬೇಕು ಅಂತಿದ್ದೆ. ಆದ್ರೆ ಡ್ರಮ್ಮರ್ ಜೊತೆ ಎರಡು ಮಾತಾಡ್ದೆ ನಾನು ಯಾವ ತಂಡವನ್ನೂ ಕರೆಯಲ್ಲ. ಹೋದಾಗೆಲ್ಲ ನಿಮ್ಮೋರು ನನ್ನ ಓಡಿಸಿದ್ರು. ಈಗ ತಾನೇ ಬೇರೆ ತಂಡಕ್ಕೆ ಮಾತು ಕೊಟ್ಬಿಟ್ಟೆ."

ಅವರು ನಡೆದುಹೋದರು. ಪಿಯಾನೋ ವಾದಕನ ನಗು ಅರ್ಧ ನುಂಗಿದ ಬಿಸ್ಕತ್ತಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಡ್ರಮ್ಮರ್ ಆ ಮುಖವನ್ನೊಮ್ಮೆ ನೋಡಿದ. ಅತ್ತೆಯ ಮಂಚ ಕಣ್ಣಮುಂದೆ ಬಂದು ನಿಂತಿತು, ಗೊರಕೆ ಸಮೇತ. ಅವನ ಹೊಟ್ಟೆಯಾಳದಿಂದ ಎದ್ದ ನಗೆಗೆ ಮೇಜಿನ ಕಪ್ಪುಗಳೆಲ್ಲ ಗಲಗಲ ಎಂದವು. ಕಂದು ಕೋಟೂ ನಕ್ಕಿತು. ಆದರೂ ಇವನಷ್ಟು ಜೋರಾಗಿ ಯಾರಿಗೂ ನಗಲಾಗಲಿಲ್ಲ.

"ನಾಳೆ ಮನೆಗೆ ಬಾರೋ," ಎಂದ ಕಣ್ಣೊರೆಸುತ್ತ ಪಿಯಾನೋ ವಾದಕನಿಗೆ. "ಅಟ್ಟಕ್ಕೆ ಡ್ರಮ್ಮು ಹತ್ತಿಸ್ಬೇಕು. ಏಣಿ ನೀನು ಹಿಡ್ಕೋ."