ಬ್ಯಾಡಗಿಯ ಸಂಜೆಗೆ ಬಣ್ಣ ಬಳಿದ ಗಂಧಕದ ಹನಿಗೆ

ರಾಣೆಬೆನ್ನೂರು,
ನವೆಂಬರ್ ೧೯೯೨

ಹದಿಮೂರು ಮೈಲು ಮೇಲೆ ಬಿಜಯಂಗೈದಿರುವ ಮಾನ್ಯರೇ,

ತಮ್ಮ ಪಾದ ಎಲ್ಲಿದೆಯೋ ತಿಳಿಯದ ಕಾರಣ ಒಟ್ಟು ಆಕಾಶದ ಕಡೆಗೇ ಮುಖ ಮಾಡಿ ಸಲಾಮು ಸಲ್ಲಿಸುತ್ತಿದ್ದೇನೆ. ಹೋದ ವರ್ಷ ಜೂನಿನಲ್ಲಿ ಫಿಲಿಪೈನ್ಸಿನ ಬೆಂಕಿಬೆಟ್ಟದ ಬಾಯಿಂದ ಹೊಗೆಯಾಗಿ ಹೊರಟು, ಮೇಲೆ ಹೋಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗಂಧಕಾಮ್ಲದ ಹನಿಯಾಗಿ, ಪಾಸ್‌ಪೋರ್ಟು ಕೇಳುವವರಿಲ್ಲದೆ ಲೋಕವೆಲ್ಲ ಸುತ್ತಿ, ನಮ್ಮ ಹಾವೇರಿ ಸೀಮೆಯ ಮೇಲೂ ತಾವು ದಯಮಾಡಿಸಿದ್ದೀರಿ. ಗುತ್ತಲದಿಂದ ಬ್ಯಾಡಗಿಗೆ ದುಡಿಯಲು ಹೋಗುವುದಕ್ಕೇ ಎರಡು ಬಸ್ಸು ಬದಲಿಸಬೇಕಾದ ನನ್ನಂಥವನಿಗೆ ತಮ್ಮ ಪ್ರಯಾಣ ಕಂಡು ಹೊಟ್ಟೆಕಿಚ್ಚಾಗದೆ ಇರಲಿಲ್ಲ.

ನಾನು ಗುತ್ತಲದ ಬಾಬಾಜಾನ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೈಲಾರೆಪ್ಪನವರ ದಲಾಲಿ ಅಂಗಡಿಯಲ್ಲಿ ಮೂರು ಹಂಗಾಮು ಬಣ್ಣ ನೋಡುವ ಕೆಲಸ ಮಾಡಿದವನು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆದು, ಬಿಸಿಲಿಗೆ ಹಿಡಿದು, ಇದು ಈ ವರ್ಷದ ಕೆಂಪೋ ಹೋದ ವರ್ಷದ ಬಿಳಿಚಿದ ಮಾಲೋ ಎಂದು ಹೇಳುವುದು ನನ್ನ ಕೆಲಸ. ಮೂರನೆಯ ಹಂಗಾಮಿಗೆ ಬರುವಷ್ಟರಲ್ಲಿ ನನ್ನ ಕಣ್ಣಿನ ಹೆಸರು ಎಷ್ಟು ದೊಡ್ಡದಾಗಿತ್ತೆಂದರೆ, ನಾನು ಬಿಸಿಲಿಗೆ ಹೋಗುವುದನ್ನೇ ಬಿಟ್ಟು, ನಿಂತಲ್ಲೇ ಹೇಳತೊಡಗಿದ್ದೆ.

ಹೋದ ಫೆಬ್ರವರಿಯ ಒಂದು ಸಂಜೆ, ಹೊತ್ತು ಮುಳುಗಿದ ಮೇಲೆ, ಕೊನೆಯ ನಲವತ್ತು ಚೀಲ ಬಂದವು. ಆ ಹೊತ್ತಿಗೆ ತಾವು ಪಡುವಣದ ತುಂಬ ಕುಂಕುಮ ಕದಡಿಟ್ಟಿದ್ದಿರಿ. ಹಮಾಲರ ಬನಿಯನ್ನು, ಚಕ್ಕಡಿಯ ಬಿಳಿ ಎತ್ತು, ಮೈಲಾರೆಪ್ಪನವರ ನೆರೆತ ಮೀಸೆ ಎಲ್ಲವೂ ಮದುವೆಗೆ ಹೊರಟಂತೆ ಕೆಂಪಗಿದ್ದವು. ನಾನು ಒಂದು ಹಿಡಿ ಎತ್ತಿ ನೋಡಿ, ಇಂಥ ಬಣ್ಣ ಈ ಹಂಗಾಮಿನಲ್ಲೇ ಬಂದಿಲ್ಲ ಎಂದೆ. ಮರುದಿನ ಹತ್ತು ಗಂಟೆಯ ಬಿಸಿಲಿನಲ್ಲಿ ಚೀಲ ಬಿಚ್ಚಿದಾಗ ಒಳಗಿದ್ದದ್ದು ಮಳೆ ತೊಳೆದ ಹಳೆಯ ಹೆಂಚಿನಂಥ ಮಾಲು. ಮೈಲಾರೆಪ್ಪನವರು ಬೈಯಲಿಲ್ಲ. ಕಣ್ಣಿಗೆ ಒಳ್ಳೆಯ ಡಾಕ್ಟರು ಹುಬ್ಬಳ್ಳಿಯಲ್ಲಿದ್ದಾರೆಂದು ಮಾತ್ರ ಹೇಳಿ, ನನ್ನ ಜಾಗಕ್ಕೆ ಬೇರೆಯವನನ್ನು ನಿಲ್ಲಿಸಿದರು.

ಅದೆಲ್ಲ ತಮ್ಮ ಕೃಪೆಯೆಂದು ನನಗೆ ತಿಳಿದದ್ದು ಹಾವೇರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ನನ್ನ ಚಿಕ್ಕಮ್ಮನ ಮಗಳು ಮುಮ್ತಾಜಬಿಯಿಂದ. ಆ ಬೆಟ್ಟ ಸಿಡಿದ ಮೇಲೆ ದೇಶದೇಶಗಳ ಸಂಜೆ ಹೀಗೆಯೇ ಕೆಂಪೇರಿದೆಯೆಂದು ಅವಳು ಪತ್ರಿಕೆ ತೋರಿಸಿದಾಗ, ನಾನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬ್ಯಾಡಗಿಗೆ ಓಡಿದೆ. ಮೈಲಾರೆಪ್ಪನವರು ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡರು.

“ಕಣ್ಣು ತಪ್ಪಿದ್ದಕ್ಕ ಆಕಾಶಾನ ಜಾಮೀನು ತಂದೀಯಲ್ಲೋ ತಮ್ಮಾ. ಆತು, ಅದರ ಕಡಿಂದ ಒಂದು ಚೀಟಿ ಬರಸ್ಕೊಂಡು ಬಾ, ಈ ಹಂಗಾಮಿಗೆ ನಿನ್ನ ತಗೋತೇನಿ” ಎಂದರು.

ಅವರು ತಮಾಷೆಗೆ ಹೇಳಿದ್ದು ನನಗೂ ಗೊತ್ತು. ಆದರೆ ಕೆಲಸ ಕಳೆದುಕೊಂಡವನಿಗೆ ತಮಾಷೆಯೂ ಒಂದು ದಾರಿಯೇ ಆದ್ದರಿಂದ ಈ ಪತ್ರ.

ಈ ನಡುವೆ ನಾನು ರಾಣೆಬೆನ್ನೂರಿನ ಇಸಾಕಸಾಬರ ಫ್ರಿಜ್ಜು ರಿಪೇರಿ ಅಂಗಡಿ ಸೇರಿದ್ದೇನೆ. ಹೊಸ ಗ್ಯಾಸು ತುಂಬುವ ಮುಂಚೆ ಹಳೆಯದನ್ನು ವಾಲ್ವಿನ ಕೀಲಿ ತಿರುಗಿಸಿ ಬೀದಿಗೆ ಬಿಡುವುದು ನನ್ನ ಪಾಲಿನ ಕೆಲಸ. ಅದಕ್ಕೆ ವಾಸನೆಯಿಲ್ಲ, ಬಣ್ಣವಂತೂ ಇಲ್ಲವೇ ಇಲ್ಲ. ಬಣ್ಣ ನೋಡಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಇದನ್ನು ಕೇಳಿದ ಮುಮ್ತಾಜಬಿ ಹೇಳಿದ್ದು ಹೀಗೆ:

“ಅಣ್ಣಾ, ಆ ಹನಿ ನಿನಗ ವೈರಿ ಅಂತೀದಿ. ಅದಕ್ಕ ದಿನಾ ಊಟ ಕಳಸಾವ ನೀನ ಅದೀ.”

ಅವಳು ವಿವರಿಸಿದ ಮೇಲೆ ತಮ್ಮ ಬಗ್ಗೆ ನನ್ನ ಗೌರವ ಇಮ್ಮಡಿಯಾಯಿತು. ನಾವು ಬಿಟ್ಟ ಗ್ಯಾಸು ವರ್ಷಾನುಗಟ್ಟಲೆ ಮೇಲೇರಿ, ಅಲ್ಲಿಯ ಬಿಸಿಲಿಗೆ ಒಡೆದು, ಅದರೊಳಗಿನ ಕ್ಲೋರಿನ್ ಹೊರಬೀಳುತ್ತದಂತೆ. ಅದರಲ್ಲಿ ಬಹುಪಾಲು ಜಲಜನಕ, ಸಾರಜನಕ ಎಂಬ ಎರಡು ಸಂಭಾವಿತ ಮನೆತನಗಳಲ್ಲಿ ಸಂಬಂಧ ಬೆಳೆಸಿ, ಯಾರಿಗೂ ತೊಂದರೆ ಕೊಡದೆ ತೆಪ್ಪಗಿರುತ್ತದಂತೆ. ಬಯಲಿನಲ್ಲಿ ಈ ಎರಡು ಮನೆಯವರು ಎದುರಾದರೂ ಮಾತಿಲ್ಲ, ಕತೆಯಿಲ್ಲ. ಆದರೆ ಚಳಿ ಹೆಚ್ಚಿದ ಕಡೆ ತಾವು ಕಟ್ಟೆಯಾಗಿ ಒದಗುತ್ತೀರಿ. ಕೂರಲು ಕಟ್ಟೆ ಸಿಕ್ಕ ಮೇಲೆ ಸಂಭಾವಿತರು ಏನಾಗುತ್ತಾರೆಂಬುದನ್ನು ನಮ್ಮ ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡೂ ಮನೆಯ ಕ್ಲೋರಿನ್ನುಗಳು ಜೋಡಿಯಾಗಿ ಎದ್ದು ಹೊರಡುತ್ತಾರೆ, ಸೂರ್ಯ ತಾಗಿದೊಡನೆ ಒಬ್ಬೊಬ್ಬರಾಗಿ ಬೇರೆಯಾಗುತ್ತಾರೆ, ಬಿಸಿಲಿನ ವಿಷವನ್ನು ಸೋಸುವ ಓಝೋನನ್ನು ಒಬ್ಬೊಬ್ಬರೂ ಸಾವಿರಾರು ಸಲ ಮುರಿದು ಕೈ ಒರೆಸಿಕೊಳ್ಳುತ್ತಾರೆ. ಅಷ್ಟಾದರೂ ತಾವು ಮಾತ್ರ ಏನೂ ಅರಿಯದ ಕಟ್ಟೆಯಂತೆ ತಣ್ಣಗೆ ಕೂತಿರುತ್ತೀರಿ. ಇಂಥ ನಿರ್ಲಿಪ್ತತೆ ನಮ್ಮ ಪಂಚಾಯ್ತಿಯ ಹಿರಿಯರಿಗೂ ಸಿದ್ಧಿಸಿಲ್ಲ.

ಆದ್ದರಿಂದ ಪ್ರಾರ್ಥನೆ ಏನೆಂದರೆ, ಆ ಸಂಜೆಯ ಕೆಂಪು ತಮ್ಮದು, ಮೆಣಸಿನಕಾಯಿಯದಲ್ಲ ಎಂದು ಎರಡು ಸಾಲು ಬರೆದು, ಸಾಧ್ಯವಾದರೆ ಬೆಂಕಿಬೆಟ್ಟದ ಮೊಹರು ಹಾಕಿಸಿ, ಹೊಸ ಹಂಗಾಮು ಶುರುವಾಗುವುದರೊಳಗೆ ಮೈಲಾರೆಪ್ಪನವರಿಗೆ ಕಳಿಸಿಕೊಡಬೇಕು. ಬಿಸಿಲಿಗೆ ಹೋಗದೆ ಹೇಳಿದ್ದು ನನ್ನ ಸೊಕ್ಕು; ಅದನ್ನು ತಾವು ಬರೆಯುವ ಅಗತ್ಯವಿಲ್ಲ, ನಾನೇ ಅವರೆದುರು ಒಪ್ಪಿಕೊಳ್ಳುತ್ತೇನೆ. ಜೊತೆಗೆ ಕ್ಲೋರಿನ್ ಬಂದಾಗ ಕಟ್ಟೆಯ ಮೇಲೆ ಜಾಗವಿಲ್ಲವೆಂದು ಒಮ್ಮೆಯಾದರೂ ಹೇಳಿ ನೋಡಬೇಕು. ನಾನು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸಿದ್ದನ್ನು ಮುಮ್ತಾಜಬಿ ಕೇಳಿ ಬರೆದಿದ್ದಾಳೆ. ‘ಬಿಜಯಂಗೈದಿರುವ’ ಎಂಬಂಥ ಮಾತೆಲ್ಲ ಅವಳವು, ಸಿಟ್ಟು ಮಾತ್ರ ನನ್ನದು.

ಕೆಳಗಿನಿಂದ ಕತ್ತು ನೋಯುವಷ್ಟು ಹೊತ್ತು ತಮ್ಮನ್ನೇ ನೋಡುತ್ತಿರುವ,

ತಮ್ಮ ವಿಶ್ವಾಸಿ,
ಬಾಬಾಜಾನ, ಗುತ್ತಲ

ವಿ.ಸೂ.: ತಾವು ಒಂದೆರಡು ವರ್ಷದಲ್ಲಿ ಇಳಿದು ಮಣ್ಣು ಸೇರುತ್ತೀರಂತೆ; ನಾನು ಬಿಟ್ಟ ಗ್ಯಾಸು ನನಗಿಂತ ಹೆಚ್ಚು ಕಾಲ ಬಾಳಿ, ಮುಂದಿನ ಬೆಂಕಿಬೆಟ್ಟದವರಿಗಾಗಿ ಮೇಲೆ ಕಾದಿರುತ್ತದಂತೆ. ಚೀಟಿ ಬಂದ ದಿನವೇ ನಾನು ಕೀಲಿ ಕೆಳಗಿಟ್ಟು ಬ್ಯಾಡಗಿಯ ಬಸ್ಸು ಹತ್ತುತ್ತೇನೆ. ಬಾರದಿದ್ದರೆ ಈ ವಾರವೇ ನಾಲ್ಕು ಫ್ರಿಜ್ಜು, ಒಂದು ಐಸ್‌ಕ್ಯಾಂಡಿ ಮಶೀನು ಸಾಲಾಗಿ ನಿಂತಿವೆ. ಅವಸರವೇನೂ ಇಲ್ಲ. ಶುಕ್ರವಾರ ನಮಾಜಿಗೆಂದು ನಮ್ಮ ಅಂಗಡಿ ಅರ್ಧ ದಿನ ಬಂದ್ ಇರುತ್ತದೆ. ಅಷ್ಟು ಹೊತ್ತು ಓಝೋನಿಗೆ ನನ್ನ ಕಡೆಯಿಂದ ರಜೆ.